ಬಂದ ಹುಡುಗರ ಮುಂದೆ ಲೆಕ್ಕ ಬಿಚ್ಚಿಡಿ



ಕೃಷಿ ಕಾಲೇಜಿನ ಕೊನೇ ವರ್ಷದ ಹುಡುಗ ಹುಡುಗಿಯರು ನಿಮ್ಮ ಊರಿಗೂ ಬಂದಿರಬಹುದು. ಗ್ರಾಮೀಣ ಕೃಷಿ ಕಾರ್ಯಾನುಭವ ಅಂತ ಅದಕ್ಕೆ ಹೆಸರು. ಕೆಲವು ತಿಂಗಳು ಹಳ್ಳಿಯಲ್ಲೇ ಇದ್ದು, ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆದು, ಬೀಜೋಪಚಾರ, ಮಣ್ಣು ಪರೀಕ್ಷೆ ತೋರಿಸಿ ಹೋಗುತ್ತಾರೆ. ಒಳ್ಳೆಯದೇ. ಪುಸ್ತಕ ಓದಿದವರ ಕೈಗೆ ಮಣ್ಣು ಹತ್ತುತ್ತದೆ, ನಮಗೂ ಒಂದೆರಡು ಹೊಸ ವಿಷಯ ತಿಳಿಯುತ್ತದೆ.

ಆದರೆ ನಮ್ಮ ಕಷ್ಟ ಬರೀ ಬೀಜದ್ದೇ? ಬೆಳೆದದ್ದಕ್ಕೆ ಬೆಲೆ ಇಲ್ಲದ್ದು ತಾನೇ ನಮ್ಮನ್ನು ಸಾಲಕ್ಕೆ ನೂಕಿರುವುದು?

ಬೆಲೆಗೂ ವಿಶ್ವವಿದ್ಯಾನಿಲಯಕ್ಕೂ ಏನು ಸಂಬಂಧ ಅನ್ನಬೇಡಿ. ಕೇಂದ್ರ ಸರ್ಕಾರದ ಸಾಗುವಳಿ ವೆಚ್ಚದ ಯೋಜನೆ 1970-71ರಲ್ಲಿ ಶುರುವಾಯಿತು. ಆಯ್ದ ಹಳ್ಳಿಗಳ ಆಯ್ದ ರೈತರ ಖರ್ಚನ್ನು ಬರೆದುಕೊಳ್ಳುವ ಕೆಲಸ ಅನೇಕ ರಾಜ್ಯಗಳಲ್ಲಿ ಕೃಷಿ ವಿಶ್ವವಿದ್ಯಾನಿಲಯಗಳದ್ದು, ನಮ್ಮಲ್ಲಿ ಬೆಂಗಳೂರಿನದು. ಆ ಲೆಕ್ಕ ದೆಹಲಿಗೆ ಹೋಗುತ್ತದೆ. ಅದನ್ನು ಮುಂದಿಟ್ಟುಕೊಂಡೇ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ರಾಗಿ, ಭತ್ತ, ತೊಗರಿಗೆ ಬೆಂಬಲ ಬೆಲೆ ಶಿಫಾರಸು ಮಾಡುತ್ತದೆ.

ಖರ್ಚು ಅಳೆಯುವುದಕ್ಕೂ ಬೇರೆ ಬೇರೆ ಕೊಳಗ ಇದೆ. ಕೈಯಿಂದ ಕೊಟ್ಟ ಖರ್ಚು, ಮನೆಮಂದಿಯ ದುಡಿಮೆಯ ಕೂಲಿ ಸೇರಿದರೆ ಒಂದು. ಸ್ವಂತ ಜಮೀನಿನ ಗೇಣಿ, ಸ್ವಂತ ಬಂಡವಾಳದ ಬಡ್ಡಿಯೂ ಸೇರಿದರೆ ಇನ್ನೊಂದು, ಅದು 'ಸಿ2'. ಖರ್ಚಿನ ಮೇಲೆ ಅರ್ಧದಷ್ಟು ಹೆಚ್ಚು ಕೊಡಿ ಅಂತ ಸ್ವಾಮಿನಾಥನ್ ಆಯೋಗ 2006ರಲ್ಲಿ ಹೇಳಿತು. ಒಂದೂವರೆ ಪಟ್ಟು ಕೊಡುತ್ತಿದ್ದೇವೆ ಅಂತ ಸರ್ಕಾರ 2018ರಿಂದ ಹೇಳುತ್ತಿದೆ, ಆದರೆ ಸಣ್ಣ ಕೊಳಗದಲ್ಲಿ ಅಳೆದು! ಬೆಳೆಗೆ ಹಾಕಿದ ಹಣಕ್ಕೆ ಬಡ್ಡಿ ಕಟ್ಟುವುದೂ ನಿಗದಿ ಮಾಡಿದ ದರದಲ್ಲೇ. ನೀವು ಸಾಹುಕಾರನಿಗೆ ತೆತ್ತ ಬಡ್ಡಿ ಅಲ್ಲಿ ಕಾಣುವುದಿಲ್ಲ.

ಇದನ್ನು ತರಗತಿಯಲ್ಲಿ ಕೇಳಿದ ಹುಡುಗ ಪರೀಕ್ಷೆ ಮುಗಿದ ಮೇಲೆ ಮರೆತಾನು. ನಿಮ್ಮ ಜಗಲಿಯ ಮೇಲೆ ಕೂತು ಬರೆದವನು ಮರೆಯುವುದಿಲ್ಲ.

ಅದಕ್ಕೇ ಹೇಳುತ್ತೇನೆ: ಮುಂದಿನ ಸಲ ಅವರು ಬಂದಾಗ ಮನೆ ಮಕ್ಕಳಂತೆ ನೋಡಿಕೊಳ್ಳಿ, ಮುದ್ದೆ ಇಕ್ಕಿ. ಜೊತೆಗೆ ಗೊಬ್ಬರದ ಅಂಗಡಿ ರಸೀತಿ, ಸೊಸೈಟಿ ಸಾಲದ ನೋಟೀಸು, ಮಂಡಿಯ ಚೀಟಿ ಎಲ್ಲಾ ಮುಂದಿಡಿ. ನಾಚಿಕೆ ಬೇಡ. ಮನೆಯಾಕೆ ಕಳೆ ಕಿತ್ತ ದಿನಗಳನ್ನೂ, ರಾತ್ರಿ ಕರೆಂಟು ಕಾದು ನೀರು ಹಾಯಿಸಿದ ಗಂಟೆಗಳನ್ನೂ ಬರೆಸಿ. ಒಂದು ಪ್ರತಿ ಕಾಲೇಜಿಗೆ ಹೋಗಲಿ, ಒಂದು ಪಂಚಾಯಿತಿಯಲ್ಲಿರಲಿ, ಒಂದನ್ನು ನೀವೇ ಇಟ್ಟುಕೊಳ್ಳಿ. ಬೆಲೆ ಕೇಳಲು ಹೋದಾಗ ಘೋಷಣೆಯ ಜೊತೆ ಆ ಕಾಗದವೂ ಕೈಯಲ್ಲಿರಲಿ. ಪ್ರಾಧ್ಯಾಪಕರಿಗೂ ಒಂದು ಮಾತು: ರಂಗೋಲಿ ನಕ್ಷೆಗೆ ಕೊಡುವ ಅಂಕವನ್ನು ಈ ಲೆಕ್ಕಕ್ಕೂ ಕೊಡಿ.

ಇದೇ ಹುಡುಗರು ನಾಳೆ ಕೃಷಿ ಅಧಿಕಾರಿಗಳಾಗುತ್ತಾರೆ, ಬ್ಯಾಂಕಿನ ಮೇಜಿನ ಹಿಂದೆ ಕೂರುತ್ತಾರೆ. ಸಾಲದ ಅರ್ಜಿ ಹಿಡಿದು ನೀವು ಎದುರು ನಿಂತ ದಿನ, ಒಂದು ಎಕರೆ ರಾಗಿಗೆ ಏನು ಬೀಳುತ್ತದೆ ಅಂತ ಅವರಿಗೆ ಗೊತ್ತಿರಬೇಕು. ಅದನ್ನು ಕಲಿಸಬೇಕಾದವರು ನೀವೇ.