ಕೃಷ್ಣವರ್ಣೆಯ ಶೋಧ, ಕವಯಿತ್ರಿಯ ಮರೆವು

ಷೇಕ್ಸ್‌ಪಿಯರನ 154 ಸಾನೆಟ್ಟುಗಳು 1609ರಲ್ಲಿ ಅಚ್ಚಾದಾಗ ಅರ್ಪಣೆಯಲ್ಲಿ ಕಾಣಿಸಿದ್ದು ‘ಮಿಸ್ಟರ್ ಡಬ್ಲ್ಯು. ಎಚ್.’ ಎಂಬ ಮೊಟಕು ಹೆಸರು. ಆ ಪದ್ಯಗಳು ಕೊಂಡಾಡುವ ತರುಣ ಯಾರು, 127ನೆಯದರಿಂದ ಮುಂದೆ ಸುಳಿಯುವ ಕೃಷ್ಣವರ್ಣದ ಹೆಣ್ಣು ಯಾರು ಎಂಬ ಪ್ರಶ್ನೆಗೆ ಉತ್ತರಗಳ ಕೊರತೆಯಾಗಿಲ್ಲ; ಕೊರತೆ ಪ್ರಮಾಣದ್ದು.

ಈ ಒಗಟನ್ನು ಕುರಿತ ಕಥನಗಳಲ್ಲಿ ಆಸ್ಕರ್ ವೈಲ್ಡನ ‘ದಿ ಪೋರ್ಟ್ರೇಟ್ ಆಫ್ ಮಿಸ್ಟರ್ ಡಬ್ಲ್ಯು. ಎಚ್.’ (1889) ಹೆಚ್ಚು ಪ್ರಾಮಾಣಿಕವಾದುದು. ಅದರಲ್ಲಿ ಸಿರಿಲ್ ಗ್ರಹಾಂ ಎಂಬವನು, ಆ ತರುಣ ವಿಲ್ಲಿ ಹ್ಯೂಸ್ ಎಂಬ ಬಾಲನಟನೆಂದು ಪದ್ಯಗಳ ಬಲದಿಂದಲೇ ಸಾಧಿಸಹೊರಡುತ್ತಾನೆ. ಗೆಳೆಯ ಎರ್ಸ್‌ಕಿನ್ ಹೊರಗಿನ ಆಧಾರ ಕೇಳಿದಾಗ ಹಳೆಯದೆಂದು ತೋರುವ ಭಾವಚಿತ್ರವೊಂದನ್ನು ಬರೆಯಿಸಿ ತರುತ್ತಾನೆ. ಕೃತ್ರಿಮ ಬಯಲಾಗಿ ಅವನು ಪ್ರಾಣ ಕಳೆದುಕೊಂಡರೂ ವಾದ ಸಾಯುವುದಿಲ್ಲ, ನಿರೂಪಕನನ್ನು ಹಿಡಿಯುತ್ತದೆ. ಅವನು ಎರ್ಸ್‌ಕಿನ್ನನಿಗೆ ವಾದವನ್ನೆಲ್ಲ ಪತ್ರದಲ್ಲಿ ಬರೆದು ಮುಗಿಸುತ್ತಲೇ ಅವನ ಸ್ವಂತ ನಂಬಿಕೆ ಆರಿಹೋಗುತ್ತದೆ. ಪತ್ರ ಓದಿದವನಲ್ಲಿ ಹೊತ್ತಿಕೊಳ್ಳುತ್ತದೆ. ಆಧಾರವನ್ನು ಮೀರಿ ನಂಬಬಯಸುವ ಸಂಶೋಧಕನ ರೋಗಲಕ್ಷಣವನ್ನು ಇದಕ್ಕಿಂತ ನಿಷ್ಠುರವಾಗಿ ಹೇಳುವುದು ಕಷ್ಟ.

ವೈಲ್ಡನದು ಕತೆ. 1973ರಲ್ಲಿ ಇತಿಹಾಸಕಾರ ಎ. ಎಲ್. ರೌಸ್ ಆಡಿದ್ದು ನಿರ್ಣಯದ ಮಾತು: ಕೃಷ್ಣವರ್ಣೆ ಎಮಿಲಿಯಾ ಲೇನಿಯರಳೇ. ಜ್ಯೋತಿಷಿ ಸೈಮನ್ ಫೋರ್ಮನ್ನನ ಟಿಪ್ಪಣಿಯಲ್ಲಿ ಆಕೆಯ ಯೌವನವನ್ನು ಬಣ್ಣಿಸುವ ಪದವನ್ನು ಅವರು ‘ಬ್ರೌನ್’ ಎಂದು ಓದಿದ್ದರು. ಅಲ್ಲಿದ್ದುದು ‘ಬ್ರೇವ್’, ಅಂದರೆ ಠೀವಿಯವಳು. ಓಲೆಗರಿಗಳ ಮುಂದೆ ಕಣ್ಣು ಸವೆಸಿದವರಿಗೆ ಇಂಥ ಪಾಠದೋಷ ಹೊಸತಲ್ಲ. ಪಾಠ ತಿದ್ದಿದ ಮೇಲೂ ನಿರ್ಣಯ ಅಲುಗದೆ ನಿಂತುದೇ ಸೋಜಿಗ.

ಇದರಿಂದಾದ ನಷ್ಟ ಬೇರೆ ಬಗೆಯದು. ಲೇನಿಯರ್ ಸ್ವತಃ ಕವಯಿತ್ರಿ. 1611ರಲ್ಲಿ ಪ್ರಕಟವಾದ ಆಕೆಯ ‘ಸಾಲ್ವೆ ದೇವುಸ್ ರೆಕ್ಸ್ ಯೂದೇಯೋರುಮ್’ ಕೃತಿಯಲ್ಲಿ ಪಿಲಾತನ ಹೆಂಡತಿಯ ದನಿಯಲ್ಲಿ ಈವಳ ಪರ ವಕಾಲತ್ತಿದೆ: ಹಣ್ಣು ತಿಂದ ಹೆಣ್ಣಿನ ತಪ್ಪು ಕ್ರಿಸ್ತನನ್ನು ಕೊಲ್ಲಿಸಿದ ಗಂಡಸರ ತಪ್ಪಿನ ಮುಂದೆ ಎಷ್ಟರದು ಎಂಬ ದಿಟ್ಟ ವಾದ. 1978ರಲ್ಲಿ ರೌಸ್ ಈ ಕೃತಿಯನ್ನು ಸಂಪಾದಿಸಿದಾಗ ಶೀರ್ಷಿಕೆಯ ಮೊದಲಿಗೆ ನಿಂತದ್ದು ಷೇಕ್ಸ್‌ಪಿಯರನ ಕೃಷ್ಣವರ್ಣೆಯ ಕವಿತೆಗಳೆಂಬ ಮಾತು. ಕೃತಿಯ ಹೆಸರೂ ಕರ್ತೃವಿನ ಹೆಸರೂ ಅದರ ಹಿಂದೆ. ಕನ್ನಡದ ಕಂತಿಯೂ ಅಭಿನವಪಂಪನೊಡನೆ ನಡೆದ ಸಮಸ್ಯಾಪೂರಣದ ಕತೆಯಿಂದಲೇ ನೆನಪಾಗುವವಳು. ಆದರೆ ಆಕೆಯ ಕಾವ್ಯ ಉಳಿದಿಲ್ಲ. ಲೇನಿಯರಳದು ಇಡಿಯಾಗಿ ಉಳಿದಿದೆ.

2018ರಲ್ಲಿ ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ ಆಡಿದ ಮಾರ್ಗನ್ ಲಾಯ್ಡ್ ಮಾಲ್ಕಮ್ ಅವರ ‘ಎಮಿಲಿಯಾ’ ನಾಟಕವೂ ಪ್ರಣಯದ ಊಹೆಯನ್ನು ಕೈಬಿಟ್ಟಿಲ್ಲ. ಆದರೆ ಅಲ್ಲಿ ಲೇಖನಿ ಆಕೆಯ ಕೈಯಲ್ಲಿದೆ. ಷೇಕ್ಸ್‌ಪಿಯರ್ ಬಂದುಹೋಗುವ ಪಾತ್ರ.