ಆಸ್ಪತ್ರೆಯ ಬಾಗಿಲಿನಿಂದ ಕಾರ್ಖಾನೆಯ ಬಾಗಿಲಿನವರೆಗೆ

ಕಾರ್ಖಾನೆಯಲ್ಲಿ ಯಂತ್ರವೊಂದು ಕೆಟ್ಟು ನಿಂತಾಗ ಉದ್ಯಮಿಯಾದವನು ಮೂರು ಪ್ರಶ್ನೆಗಳನ್ನು ಕೇಳುತ್ತಾನೆ. ದುರಸ್ತಿಗೆ ತಗಲುವ ವೆಚ್ಚವೆಷ್ಟು? ಎಷ್ಟು ದಿನ ಹಿಡಿಯುತ್ತದೆ? ಅದು ಮತ್ತೆ ಮೊದಲಿನಂತೆ ಕೆಲಸ ಮಾಡುವುದು ಎಂದು? ಆದರೆ ಅದೇ ಯಂತ್ರವನ್ನು ಹದಿನೈದು ವರ್ಷ ನಡೆಸಿದ ಕಾರ್ಮಿಕನು ಪಾರ್ಶ್ವವಾಯುವಿಗೋ ಅಪಘಾತಕ್ಕೋ ತುತ್ತಾಗಿ ಆಸ್ಪತ್ರೆ ಸೇರಿದಾಗ ನಾವು ಮೊದಲೆರಡು ಪ್ರಶ್ನೆಗಳಿಗೇ ನಿಂತುಬಿಡುತ್ತೇವೆ. ಮೂರನೆಯ ಪ್ರಶ್ನೆಯನ್ನು ವೈದ್ಯರೂ ಕೇಳುವುದಿಲ್ಲ, ವಿಮಾ ಸಂಸ್ಥೆಯೂ ಕೇಳುವುದಿಲ್ಲ, ಮಾಲೀಕರಾದ ನಾವೂ ಕೇಳುವುದಿಲ್ಲ. ಈ ಮೌನದ ಬೆಲೆಯನ್ನು ಮೊದಲು ಆ ಕುಟುಂಬ ತೆರುತ್ತದೆ. ಅನಂತರ ನಮ್ಮ ಉದ್ಯಮವೂ ತೆರುತ್ತದೆ.

ಚಿಕಿತ್ಸಾ ಸೌಲಭ್ಯಗಳ ವಿಷಯದಲ್ಲಿ ಕರ್ನಾಟಕ ಹಿಂದುಳಿದ ರಾಜ್ಯವಲ್ಲ. 2003ರಲ್ಲಿ ಸಹಕಾರಿ ಸಂಘಗಳ ರೈತ ಸದಸ್ಯರಿಗಾಗಿ ಆರಂಭವಾದ ಯಶಸ್ವಿನಿ ಯೋಜನೆ, ಅನಂತರದ ವಾಜಪೇಯಿ ಆರೋಗ್ಯಶ್ರೀ, 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇವೆಲ್ಲವೂ ಸಾಮಾನ್ಯ ಕುಟುಂಬಗಳಿಗೆ ದೊಡ್ಡ ಆಸ್ಪತ್ರೆಗಳ ಬಾಗಿಲನ್ನು ತೆರೆದವು. ಆದರೆ ಈ ಯೋಜನೆಗಳೆಲ್ಲವೂ ಮುಖ್ಯವಾಗಿ ಶಸ್ತ್ರಚಿಕಿತ್ಸೆಯನ್ನೂ ಹಾಸಿಗೆಯನ್ನೂ ಲೆಕ್ಕಕ್ಕೆ ಹಿಡಿದವು. ಹಾಸಿಗೆಯಿಂದ ಎದ್ದ ಮನುಷ್ಯ ಮತ್ತೆ ತನ್ನ ಬದುಕಿಗೆ ಮರಳುವ ದಾರಿ ಅವುಗಳ ಲೆಕ್ಕದಲ್ಲಿ ಅಷ್ಟಾಗಿ ಸೇರಲಿಲ್ಲ. ಆ ದಾರಿಗೆ ಪುನಶ್ಚೇತನ ಎಂದು ಹೆಸರು. ನಮ್ಮ ಕಡತಗಳಲ್ಲಿ ಬಳಕೆಯಲ್ಲಿರುವ ‘ಪುನರ್ವಸತಿ’ ಎಂಬ ಶಬ್ದವನ್ನು ಕೇಳಿದೊಡನೆ ಅಣೆಕಟ್ಟಿನ ಮುಳುಗಡೆಯ ಗ್ರಾಮಗಳೇ ನೆನಪಿಗೆ ಬರುತ್ತವೆಯಲ್ಲದೆ, ಕೈ ಸ್ವಾಧೀನ ತಪ್ಪಿದ ಕಾರ್ಮಿಕನಲ್ಲ. ಈ ವಿಷಯಕ್ಕೆ ಜನಮನದಲ್ಲಿ ಇನ್ನೂ ಒಂದು ಸ್ಪಷ್ಟ ಹೆಸರೇ ನೆಲೆಗೊಂಡಿಲ್ಲ.

ಆಸ್ಪತ್ರೆಯಿಂದ ಹೊರಬಿದ್ದ ಮೇಲೆ

ಒಂದು ಸಾಮಾನ್ಯ ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ನಲವತ್ತೈದು ವರ್ಷದ ಲೇತ್ ಚಾಲಕನೊಬ್ಬನಿಗೆ ಪಾರ್ಶ್ವವಾಯು ಬಡಿಯುತ್ತದೆ. ಸಕಾಲಕ್ಕೆ ಚಿಕಿತ್ಸೆ ದೊರೆತು ಪ್ರಾಣ ಉಳಿಯುತ್ತದೆ. ಎರಡು ವಾರಗಳಲ್ಲಿ ಆತನನ್ನು ಮನೆಗೆ ಕಳುಹಿಸುತ್ತಾರೆ. ಕೈಗಿತ್ತ ಚೀಟಿಯಲ್ಲಿ ಔಷಧಿಗಳ ಪಟ್ಟಿಯೂ ಮರುಭೇಟಿಯ ದಿನಾಂಕವೂ ವಿವರವಾಗಿರುತ್ತವೆ. ಕೊನೆಯಲ್ಲಿ ‘ಫಿಸಿಯೋಥೆರಪಿ ಮುಂದುವರಿಸುವುದು’ ಎಂಬ ಒಂದೇ ಸಾಲು. ಎಲ್ಲಿ, ಯಾರಿಂದ, ಎಷ್ಟು ದಿನ, ಯಾರ ಖರ್ಚಿನಲ್ಲಿ ಎಂಬುದಕ್ಕೆ ಆ ಸಾಲಿನಲ್ಲಿ ಉತ್ತರವಿಲ್ಲ.

ಮನೆ ಎರಡನೆಯ ಮಹಡಿಯಲ್ಲಿದೆ. ಮೆಟ್ಟಿಲಿಗೆ ಹಿಡಿಕೆಯಿಲ್ಲ. ಶೌಚಾಲಯದಲ್ಲಿ ಕುಕ್ಕರುಗಾಲಿನಲ್ಲಿ ಕೂರಬೇಕು. ಹೆಂಡತಿ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವವಳು. ರಜೆ ಹಾಕಿದರೆ ಮನೆಗೆ ಬರುವ ಉಳಿದ ಒಂದು ಸಂಬಳವೂ ನಿಲ್ಲುತ್ತದೆ. ಕಾಲೇಜಿಗೆ ಹೋಗುತ್ತಿದ್ದ ಮಗಳು ಪುಸ್ತಕ ಮುಚ್ಚಿಟ್ಟು ತಂದೆಯ ಬಳಿ ಕೂರುತ್ತಾಳೆ. ಇಲ್ಲವೇ, ಬೆಂಗಳೂರಿನ ಬಾಡಿಗೆ ಕಟ್ಟಲಾರದೆ ಕುಟುಂಬ ರಾಯಚೂರಿನದೋ ಯಾದಗಿರಿಯದೋ ಸ್ವಂತ ಹಳ್ಳಿಗೆ ಹಿಂತಿರುಗುತ್ತದೆ; ಅಲ್ಲಿಗೆ ಆಸ್ಪತ್ರೆಯೊಡನಿದ್ದ ಕೊನೆಯ ಎಳೆಯೂ ಕಡಿದುಹೋಗುತ್ತದೆ.

ಪಾರ್ಶ್ವವಾಯುವಿನ ನಂತರ ಮಿದುಳು ಅತಿ ವೇಗವಾಗಿ ಚೇತರಿಸಿಕೊಳ್ಳುವುದು ಮೊದಲ ಮೂರು ತಿಂಗಳುಗಳಲ್ಲಿ ಎಂಬುದು ವೈದ್ಯರೆಲ್ಲರೂ ಬಲ್ಲ ಸಂಗತಿ. ಆ ಮೂರು ತಿಂಗಳುಗಳಲ್ಲಿ ಸರಿಯಾದ ಅಭ್ಯಾಸ ದೊರೆಯದಿದ್ದರೆ ಬೆರಳುಗಳು ಮಡಚಿಕೊಂಡು ಬಿಗಿಯುತ್ತವೆ, ಭುಜ ನೋಯತೊಡಗುತ್ತದೆ, ಮಲಗಿದಲ್ಲಿಯೇ ಇರುವವನಿಗೆ ಹಾಸಿಗೆ ಹುಣ್ಣುಗಳಾಗುತ್ತವೆ. ಬೆನ್ನುಹುರಿಗೆ ಪೆಟ್ಟು ಬಿದ್ದವರಲ್ಲಿ ಹುಣ್ಣು ಮತ್ತು ಮೂತ್ರಕೋಶದ ಸೋಂಕುಗಳು ಪ್ರಾಣಕ್ಕೇ ಎರವಾಗಬಲ್ಲವು. ಇವು ಬಹುಮಟ್ಟಿಗೆ ಕಾಯಿಲೆಯ ಅನಿವಾರ್ಯ ಫಲಗಳಲ್ಲ. ಆರೈಕೆಯ ಕೊಂಡಿ ಕಳಚಿದುದರ ಫಲಗಳು. ಲಕ್ಷಾಂತರ ರೂಪಾಯಿ ವೆಚ್ಚದಲ್ಲಿ ಉಳಿಸಿದ ಜೀವವನ್ನು, ಕೆಲವು ಸಾವಿರ ರೂಪಾಯಿಗಳ ಅಭ್ಯಾಸವಿಲ್ಲದೆ, ಮೂಲೆಗೆ ಸೇರಿಸುವ ವ್ಯವಸ್ಥೆ ನಮ್ಮದು.

ಯಾರು ಯಾವುದನ್ನು ಭರಿಸುತ್ತಾರೆ?

ಇ.ಎಸ್.ಐ. ಯೋಜನೆಗೆ ನಾವು ವೇತನದ ಶೇ. 3.25ರಷ್ಟನ್ನೂ ಕಾರ್ಮಿಕರು ಶೇ. 0.75ರಷ್ಟನ್ನೂ ಸಲ್ಲಿಸುತ್ತೇವೆ. ಅದಕ್ಕೆ ಪ್ರತಿಯಾಗಿ ಕಾಯಿಲೆಯ ಕಾಲದಲ್ಲಿ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ. 70, ಪಟ್ಟಿ ಮಾಡಿದ ದೀರ್ಘಕಾಲದ ಕಾಯಿಲೆಗಳಿಗೆ ಎರಡು ವರ್ಷಗಳವರೆಗೆ ಶೇ. 80, ಕೆಲಸದಲ್ಲಿ ಗಾಯಗೊಂಡು ತಾತ್ಕಾಲಿಕವಾಗಿ ಅಶಕ್ತರಾದವರಿಗೆ ಶೇ. 90ರಷ್ಟು ನಗದು ಸೌಲಭ್ಯ ದೊರೆಯುತ್ತದೆ. ಇದು ಸಣ್ಣ ಮಾತಲ್ಲ. ಇ.ಎಸ್.ಐ. ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ವಿಭಾಗಗಳೂ ಇವೆ. ಆದರೆ ಅರ್ಧಾಂಗ ಸ್ವಾಧೀನವಿಲ್ಲದ ರೋಗಿ ವಾರಕ್ಕೆ ಮೂರು ಬಾರಿ ಅಲ್ಲಿಗೆ ತಲುಪಬೇಕಾದರೆ ಆಟೋರಿಕ್ಷಾ ಬೇಕು, ಜೊತೆಗೊಬ್ಬರು ಬೇಕು. ಹೀಗಾಗಿ ನಗದು ಮನೆಗೆ ಬರುತ್ತದೆ, ಚಿಕಿತ್ಸೆ ಮನೆಗೆ ಬರುವುದಿಲ್ಲ.

ಆಯುಷ್ಮಾನ್ ಭಾರತ್ ಯೋಜನೆ ಆಸ್ಪತ್ರೆಯಿಂದ ಬಿಡುಗಡೆಯಾದ ನಂತರದ 15 ದಿನಗಳ ವೆಚ್ಚವನ್ನು ಒಳಗೊಳ್ಳುತ್ತದೆ. 2020ರಲ್ಲಿ ಜಾರಿಗೆ ಬಂದ ಆರೋಗ್ಯ ಸಂಜೀವಿನಿ ಎಂಬ ಮಾದರಿ ವಿಮಾ ಪಾಲಿಸಿಯಲ್ಲಿ ಈ ಅವಧಿ 60 ದಿನ. ಇನ್ನು 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಆರೋಗ್ಯ ಪಾಲಿಸಿಗಳಿಗಾಗಿ ರೂಪಿಸಿದ ಏಕರೂಪದ ಹೊರಗಿಡುವಿಕೆಗಳ ಪಟ್ಟಿಯನ್ನು ನಮ್ಮ ಸದಸ್ಯರು ಒಮ್ಮೆ ಓದಿ ನೋಡಬೇಕು. ಅದರ ಐದನೆಯ ಸಂಕೇತದ ಶೀರ್ಷಿಕೆಯಲ್ಲಿ ವಿಶ್ರಾಂತಿ ಚಿಕಿತ್ಸೆಯ ಜೊತೆಗೆ ‘ರಿಹ್ಯಾಬಿಲಿಟೇಷನ್’ ಎಂಬ ಶಬ್ದವೇ ಇದೆ. ಸ್ನಾನ, ಉಡುಗೆ, ಓಡಾಟಗಳಿಗೆ ಮನೆಯಲ್ಲಿ ಪಡೆಯುವ ನೆರವೂ ಅದೇ ಪಟ್ಟಿಗೆ ಸೇರಿದೆ. ನಾವು ಪ್ರತಿ ವರ್ಷ ನವೀಕರಿಸುವ ಸಮೂಹ ಪಾಲಿಸಿಗಳಲ್ಲಿ ಈ ಸಾಲು ಇದೆಯೇ ಎಂದು ನಮ್ಮಲ್ಲಿ ಎಷ್ಟು ಮಂದಿ ನೋಡಿದ್ದೇವೆ?

ರೋಗಿಯೇ ಕೇಂದ್ರವಾದಾಗ

ಪುನಶ್ಚೇತನವೆಂದರೆ ಕೈಕಾಲುಗಳನ್ನು ಹತ್ತು ಸಲ ಎತ್ತಿ ಇಳಿಸುವುದಷ್ಟೇ ಅಲ್ಲ. ಅದು ಆರಂಭವಾಗಬೇಕಾದುದು ‘ನಿಮಗೆ ಏನು ಮಾಡಲು ಸಾಧ್ಯವಾಗಬೇಕು?’ ಎಂಬ ಪ್ರಶ್ನೆಯಿಂದ. ಒಬ್ಬನಿಗೆ ನೆಲದ ಮೇಲೆ ಕುಳಿತು ಉಣ್ಣುವುದು ಮುಖ್ಯ, ಇನ್ನೊಬ್ಬನಿಗೆ ಬಸ್ಸಿನ ಮೆಟ್ಟಿಲೇರುವುದು, ಮತ್ತೊಬ್ಬನಿಗೆ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳತೆ ನೋಡುವುದು. ಚಿಕಿತ್ಸೆಯ ಯೋಜನೆ ಈ ಉತ್ತರಗಳಿಂದ ಹುಟ್ಟಬೇಕು.

ಇದು ಹೊರನಾಡಿನಿಂದ ಎರವಲು ತಂದ ವಿಚಾರವೇನೂ ಅಲ್ಲ. 1968ರಲ್ಲಿ ಡಾ. ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಅವರು ಜೈಪುರ ಪಾದವನ್ನು ರೂಪಿಸಿದಾಗ ಗಮನಿಸಿದ್ದು ಇದನ್ನೇ. ವಿದೇಶಿ ಮಾದರಿಯ ಕೃತಕ ಕಾಲುಗಳಿಗೆ ಬೂಟು ಬೇಕಿತ್ತು; ನಮ್ಮ ಜನರಿಗೆ ಬೇಕಾದುದು ಬರಿಗಾಲಿನಲ್ಲಿ ನಡೆಯಬಲ್ಲ, ಕುಕ್ಕರಿಸಿ ಕೂರಬಲ್ಲ, ಕೆಸರಿನ ಗದ್ದೆಗೆ ಇಳಿಯಬಲ್ಲ ಕಾಲು. ಅದೇ ಕಾಲಘಟ್ಟದಲ್ಲಿ, 1966ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಪುನಶ್ಚೇತನ ಸಂಸ್ಥೆ ಆರಂಭವಾಯಿತು. ಅದರ ಹಿಂದಿನ ಶಕ್ತಿ ಡಾ. ಮೇರಿ ವರ್ಗೀಸ್. 1954ರ ರಸ್ತೆ ಅಪಘಾತದಲ್ಲಿ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡ ಮೇಲೆಯೂ ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ನಡೆಸಿದ ವೈದ್ಯೆ ಅವರು. ಕೆಲಸದ ಸ್ಥಳವೊಂದು ಸ್ವಲ್ಪ ಹೊಂದಿಕೊಂಡರೆ ನುರಿತ ಕೈ ಏನನ್ನು ಸಾಧಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕೆ?

ಮನೆಯವರ ಹೆಗಲಿಗೆ ಮಾತ್ರ ಹೊರಿಸಲಾಗದು

ಮನೆಯವರಿಗೇ ತರಬೇತಿ ಕೊಟ್ಟುಬಿಟ್ಟರೆ ಆಯಿತಲ್ಲ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಮನೆಯವರಿಗೆ ತಿಳಿವಳಿಕೆ ಅಗತ್ಯವೇ ಹೌದು. ರೋಗಿಯನ್ನು ಮಗ್ಗುಲು ತಿರುಗಿಸುವ ಕ್ರಮವನ್ನೋ ಗಾಯ ಸ್ವಚ್ಛಗೊಳಿಸುವ ಬಗೆಯನ್ನೋ ಕಲಿಸದೆ ಯಾರನ್ನೂ ಮನೆಗೆ ಕಳುಹಿಸಬಾರದು. ಆದರೆ ಅದೊಂದೇ ಸಾಲದು. ಭಾರತದ 14 ಆಸ್ಪತ್ರೆಗಳಲ್ಲಿ 1,250 ಪಾರ್ಶ್ವವಾಯು ರೋಗಿಗಳನ್ನು ಒಳಗೊಂಡ ‘ಅಟೆಂಡ್’ ಎಂಬ ದೊಡ್ಡ ಅಧ್ಯಯನದ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಗುಂಪಿನ ರೋಗಿಗಳ ಮನೆಯವರಿಗೆ ಪುನಶ್ಚೇತನದ ತರಬೇತಿ ನೀಡಲಾಯಿತು. ಇನ್ನೊಂದು ಗುಂಪಿಗೆ ಎಂದಿನ ಆರೈಕೆ ಮಾತ್ರ. ಆರು ತಿಂಗಳ ನಂತರ ಮರಣ ಹೊಂದಿದವರ ಅಥವಾ ಪರಾವಲಂಬಿಗಳಾಗಿ ಉಳಿದವರ ಪ್ರಮಾಣ ಎರಡೂ ಗುಂಪುಗಳಲ್ಲಿ ಶೇ. 47.

ಈ ಫಲಿತಾಂಶದಿಂದ ಪುನಶ್ಚೇತನವೇ ವ್ಯರ್ಥವೆಂದು ತೀರ್ಮಾನಿಸುವುದು ತಪ್ಪಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಅದು ಹೇಳುವುದು ಬೇರೊಂದನ್ನು: ಮನೆಯವರ ಪ್ರೀತಿ ನುರಿತ ಚಿಕಿತ್ಸಕರ ದುಡಿಮೆಗೆ ಬದಲಿಯಾಗಲಾರದು. ಆ ದುಡಿಮೆಗೆ ಬೆಲೆಯಿದೆ. ಆ ಬೆಲೆಯನ್ನು ಯಾರಾದರೂ ಕೊಡಲೇಬೇಕು.

ಆ ಬೆಲೆ ಎಷ್ಟೆಂದು ಒಂದು ಸರಳ ಲೆಕ್ಕ ಹಾಕೋಣ. ಮನೆಗೆ ಬರುವ ಫಿಸಿಯೋಥೆರಪಿಸ್ಟರ ಒಂದು ಭೇಟಿಗೆ 600 ರೂಪಾಯಿ ಎಂದು ಹಿಡಿದರೆ, ವಾರಕ್ಕೆ 3 ಭೇಟಿಯಂತೆ 12 ವಾರಗಳಿಗೆ 36 ಭೇಟಿ, ಒಟ್ಟು 21,600 ರೂಪಾಯಿ. ಇ.ಎಸ್.ಐ. ವ್ಯಾಪ್ತಿಗೆ 2017ರಲ್ಲಿ ನಿಗದಿಯಾದ ಮಾಸಿಕ ವೇತನದ ಮಿತಿ 21,000 ರೂಪಾಯಿ ಎಂಬುದನ್ನು ನೆನಪಿಸಿಕೊಳ್ಳಿ. ಅಂದರೆ ಸುಮಾರು ಒಂದು ತಿಂಗಳ ವೇತನದ ಮೊತ್ತ. ಹೊಸಬನೊಬ್ಬನನ್ನು ಹುಡುಕಿ, ತರಬೇತಿ ಕೊಟ್ಟು, ಅವನು ಕೆಡಿಸುವ ಮಾಲನ್ನು ಸಹಿಸಿಕೊಂಡು, ಹಳಬನ ಕೌಶಲಕ್ಕೆ ತರುವಷ್ಟರಲ್ಲಿ ಎಷ್ಟು ತಿಂಗಳುಗಳ ವೇತನ ಕರಗುತ್ತದೆ ಎಂಬುದನ್ನು ನಮ್ಮ ಸದಸ್ಯರಿಗೆ ವಿವರಿಸಬೇಕಾಗಿಲ್ಲ.

ನಾವು ಮಾಡಬಹುದಾದದ್ದು

ಮೊದಲನೆಯದಾಗಿ, ಸಮೂಹ ಆರೋಗ್ಯ ಪಾಲಿಸಿಯ ನವೀಕರಣದ ವೇಳೆ ಮನೆಯಲ್ಲಿ ನೀಡುವ ಪುನಶ್ಚೇತನ ಚಿಕಿತ್ಸೆಯನ್ನು ನಿರ್ದಿಷ್ಟ ಮಿತಿಯೊಳಗೆ ಸೇರಿಸುವಂತೆ ಕೇಳಬೇಕು. ಸಮೂಹ ಪಾಲಿಸಿಗಳ ಷರತ್ತುಗಳು ಮಾತುಕತೆಗೆ ಒಳಪಟ್ಟವು. ಒಬ್ಬ ಉದ್ಯಮಿ ಕೇಳಿದರೆ ಸಿಗದಿರಬಹುದು. ನೂರು ಮಂದಿ ಒಟ್ಟಾಗಿ ಕೇಳಿದರೆ ವಿಮಾ ಸಂಸ್ಥೆಗಳು ಕಿವಿಗೊಡಲೇಬೇಕಾಗುತ್ತದೆ.

ಎರಡನೆಯದಾಗಿ, ಹಂತಹಂತವಾಗಿ ಕೆಲಸಕ್ಕೆ ಮರಳುವ ಪದ್ಧತಿಯನ್ನು ರೂಢಿಸಬೇಕು. ಜರ್ಮನಿಯಲ್ಲಿ 2004ರಿಂದ, ವರ್ಷದಲ್ಲಿ ಆರು ವಾರಗಳಿಗಿಂತ ಹೆಚ್ಚು ಕಾಲ ಕಾಯಿಲೆಯಿಂದ ಗೈರುಹಾಜರಾದ ನೌಕರನೊಡನೆ, ಆತನ ಒಪ್ಪಿಗೆ ಪಡೆದು, ಮರಳಿ ಕೆಲಸಕ್ಕೆ ಬರುವ ದಾರಿಯನ್ನು ಚರ್ಚಿಸುವುದು ಮಾಲೀಕನ ಕಾನೂನುಬದ್ಧ ಕರ್ತವ್ಯವಾಗಿದೆ. ದಿನಕ್ಕೆ ಎರಡು ಗಂಟೆಯಿಂದ ಆರಂಭಿಸಿ ಪೂರ್ಣಾವಧಿಗೆ ಏರುವ ಕ್ರಮ ಅಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ನಮ್ಮ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, ಸೇವೆಯಲ್ಲಿದ್ದಾಗ ಅಂಗವೈಕಲ್ಯ ಹೊಂದಿದ ನೌಕರನನ್ನು ಕೈಬಿಡಬಾರದೆಂಬ ಕಟ್ಟುಪಾಡನ್ನು ಸರ್ಕಾರಿ ಸಂಸ್ಥೆಗಳಿಗೆ ವಿಧಿಸಿದೆ. ಖಾಸಗಿ ಸಂಸ್ಥೆಗಳಿಗೆ ಸಮಾನ ಅವಕಾಶ ನೀತಿಯನ್ನು ಪ್ರಕಟಿಸುವಂತೆ ಹೇಳಿದೆ. ಕಾನೂನು ಬಲವಂತ ಮಾಡದಿರುವಲ್ಲಿ ವಿವೇಕ ಮುಂದೆ ಬರಬೇಕು. ‘ನಮ್ಮಂಥ ಸಣ್ಣ ಘಟಕದಲ್ಲಿ ಹಗುರ ಕೆಲಸ ಎಲ್ಲಿದೆ?’ ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ಉಗ್ರಾಣ, ಉಪಕರಣಗಳ ವಿತರಣೆ, ತಯಾರಾದ ಬಿಡಿಭಾಗಗಳ ತಪಾಸಣೆ, ಹೊಸಬರ ತರಬೇತಿ ಇವೆಲ್ಲ ಅನುಭವವನ್ನು ಬೇಡುವ, ಮೈಬಲವನ್ನು ಅಷ್ಟಾಗಿ ಬೇಡದ ಕೆಲಸಗಳು.

ಮೂರನೆಯದು ಮತ್ತು ಮುಖ್ಯವಾದುದು, ಸಣ್ಣ ಘಟಕಗಳ ಪರವಾಗಿ ನಮ್ಮ ವಾಣಿಜ್ಯೋದ್ಯಮ ಸಂಸ್ಥೆಯೇ ವಹಿಸಬೇಕಾದ ಹೊಣೆ. ಹತ್ತು ಮಂದಿಯ ಘಟಕವೊಂದು ಫಿಸಿಯೋಥೆರಪಿಸ್ಟರನ್ನು ನೇಮಿಸಿಕೊಳ್ಳಲಾರದು. ಒಂದು ಕೈಗಾರಿಕಾ ಪ್ರದೇಶದ ಮುನ್ನೂರು ಘಟಕಗಳು ಸೇರಿದರೆ ಒಂದು ಸಂಚಾರಿ ತಂಡವನ್ನೇ ಸಾಕಬಹುದು. ರಾಜ್ಯದ ಕಾಲೇಜುಗಳಿಂದ ಪ್ರತಿವರ್ಷ ಫಿಸಿಯೋಥೆರಪಿ ಪದವೀಧರರು ಹೊರಬರುತ್ತಿದ್ದಾರೆ. ಬೆಂಗಳೂರಿನಲ್ಲಿ 1959ರಿಂದ ಕೆಲಸ ಮಾಡುತ್ತಿರುವ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ, 1994ರಲ್ಲಿ ಆರಂಭವಾದ ಮೊಬಿಲಿಟಿ ಇಂಡಿಯಾ ಮುಂತಾದ ಸಂಸ್ಥೆಗಳಲ್ಲಿ ದಶಕಗಳ ಅನುಭವ ಸಂಚಿತವಾಗಿದೆ. ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಊರಿಗೆ ಹಿಂತಿರುಗಿದ ಕಾರ್ಮಿಕನ ವಿವರವನ್ನು ಅವರಿಗೆ ತಲುಪಿಸುವ ಏರ್ಪಾಡೊಂದೇ ಇಲ್ಲವಾಗಿದೆ.

ಇದಕ್ಕೆ ಸಾಮಾಜಿಕ ಹೊಣೆಗಾರಿಕೆ ನಿಧಿಯನ್ನು ಬಳಸಬಹುದೇ ಎಂದು ಕೇಳುವವರಿಗೆ ಒಂದು ಎಚ್ಚರಿಕೆ ಅಗತ್ಯ. 2021ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ ಕಂಪನಿಯು ತನ್ನ ನೌಕರರ ಪ್ರಯೋಜನಕ್ಕೆಂದೇ ಮಾಡುವ ವೆಚ್ಚ ಆ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ದೊಡ್ಡ ಕಂಪನಿಗಳು ಈ ನಿಧಿಯಿಂದ ಸ್ಥಾಪಿಸುವ ಕೇಂದ್ರ ಸುತ್ತಲಿನ ಸಮಸ್ತ ಜನತೆಗೂ ತೆರೆದಿರಬೇಕು. ಸ್ವಂತ ನೌಕರರ ವೆಚ್ಚವನ್ನು ಉದ್ಯಮದ ಸಾಮಾನ್ಯ ಖರ್ಚಿನಲ್ಲಿಯೇ ಭರಿಸಬೇಕು. ಇದು ತೊಡಕಲ್ಲ, ಒಳ್ಳೆಯದೇ. ಗುತ್ತಿಗೆ ಕಾರ್ಮಿಕನೂ ಬೀದಿಬದಿಯ ವ್ಯಾಪಾರಿಯೂ ಅದೇ ಕೇಂದ್ರಕ್ಕೆ ಬರಲಿ.

ಕಾರ್ಯಕಾರಿ ಸಮಿತಿ ಈ ಸಲಹೆಗಳನ್ನು ಪರಿಶೀಲಿಸಿ, ಒಂದು ಕೈಗಾರಿಕಾ ಪ್ರದೇಶದಲ್ಲಿಯಾದರೂ ಒಂದು ವರ್ಷದ ಮಟ್ಟಿಗೆ ಪ್ರಯೋಗ ನಡೆಸಲೆಂದು ಆಶಿಸುತ್ತೇನೆ. ಅದಕ್ಕೂ ಮುನ್ನ ಪ್ರತಿಯೊಬ್ಬ ಸದಸ್ಯರೂ, ಯಾವ ನಿಧಿಯೂ ಠರಾವೂ ಇಲ್ಲದೆ, ಮಾಡಬಹುದಾದ ಕೆಲಸವೊಂದಿದೆ. ತಮ್ಮ ನೌಕರನೊಬ್ಬ ಆಸ್ಪತ್ರೆಯಿಂದ ಬಿಡುಗಡೆಯಾಗುವ ಮುನ್ನಾದಿನ ಅಲ್ಲಿಗೆ ಹೋಗಿ, ‘ಈತ ಮತ್ತೆ ಕೆಲಸಕ್ಕೆ ಬರಲು ಏನೇನು ಬೇಕು, ಅದನ್ನು ಮನೆಯಲ್ಲಿ ಯಾರು ಮಾಡಿಸುತ್ತಾರೆ?’ ಎಂದು ವೈದ್ಯರನ್ನೂ ಮನೆಯವರನ್ನೂ ಎಲ್ಲಕ್ಕಿಂತ ಮೊದಲು ಆ ನೌಕರನನ್ನೂ ಕೇಳುವುದು. ಉತ್ತರವನ್ನು ಬರೆದುಕೊಂಡು ಬರುವುದು. ಮಿಕ್ಕ ಕೆಲಸ ಅಲ್ಲಿಂದ ಆರಂಭವಾಗುತ್ತದೆ.