ಟೆಂಟ್ ಮನೆಯಲ್ಲೇ ಇರಲಿ

ದೊಡ್ಡಬೆಳವಂಗಲದ ನಮ್ಮ ಹುಡುಗರು ಈ ಸಲ ಕುದುರೆಮುಖಕ್ಕೆ ಹೊರಟಿದ್ದಾರೆ. ತುಂಬ ಸಂತೋಷ. ಆದರೆ ಅವರ ಸಾಮಾನಿನ ಪಟ್ಟಿಯಲ್ಲಿ ಮೊದಲಿಗೇ ಟೆಂಟ್, ಸೌದೆ, ಸ್ಪೀಕರ್ ಇದ್ದವು. ಮೂರನ್ನೂ ಹೊಡೆದುಹಾಕಿ ಎಂದೆ.

1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾದ ಈ ಕಾಡಿನೊಳಗೆ ಚಾರಣಿಗರು ಟೆಂಟ್ ಹಾಕಿ ತಂಗುವಂತಿಲ್ಲ. ಬೆಳಿಗ್ಗೆ ಹತ್ತಿ ಸಂಜೆಯೊಳಗೆ ಇಳಿಯಬೇಕು. ಈ ನಿಯಮ ಸರಿಯೆಂದೇ ನನ್ನ ವಾದ. ಬೆಟ್ಟದ ಮೈಯೆಲ್ಲ ಹುಲ್ಲುಗಾವಲು, ಕಣಿವೆಗಳಲ್ಲಿ ಶೋಲಾ ಕಾಡು. ಮಳೆನೀರನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲೂ ತೊರೆಗಳಿಗೆ ಬಿಡುವುದು ಇವೇ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವುದು ಈ ಸೀಮೆಯಲ್ಲೇ. ಫೆಬ್ರುವರಿಯ ಒಣಹುಲ್ಲಿಗೆ ಒಂದು ಕಿಡಿ ಸಾಕು. ಸಾವಿರ ಅಡಿ ಬೋರ್‌ವೆಲ್ ಕೊರೆಸಿಯೂ ನೀರು ಕಾಣದ ನಮ್ಮ ತಾಲ್ಲೂಕಿನವರಿಗೆ ನೀರಿನ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ.

ಅರಣ್ಯ ಇಲಾಖೆಯ ಜಾಲತಾಣದಲ್ಲಿ ಮುಂಗಡ ಟಿಕೆಟ್ ಮೊದಲು, ಗಾಡಿ ಮಾತಾಡುವುದು ಆಮೇಲೆ. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ. 2024ರ ಜನವರಿಯಲ್ಲಿ ಕುಮಾರ ಪರ್ವತದ ಚಾರಣಕ್ಕೆ ಜನಜಾತ್ರೆ ಸೇರಿದ ಮೇಲೆ ಸರ್ಕಾರ ಚಾರಣದ ನಿಯಮ ಬಿಗಿ ಮಾಡಿದ್ದು ಒಳ್ಳೆಯದೇ ಆಯಿತು. ರಾತ್ರಿ ಸಂಸೆ, ಕಳಸದ ಕಡೆಯ ಹೋಂಸ್ಟೇಯಲ್ಲಿ ಉಳಿಯಿರಿ. ದುಡ್ಡು ಆ ಊರಿನವರಿಗೇ ಸೇರಲಿ. ಮಳೆ ಹಿಡಿದರೆ ಇಂಬಳದ ಕಾಟ, ಉದ್ದದ ಕಾಲುಚೀಲ ಬೇಕೇ ಬೇಕು. ಹೋಗಿಬರಲು ಸುಮಾರು 20 ಕಿ.ಮೀ. ನಡಿಗೆ. ಮಂಡಿನೋವಿನವರನ್ನು ಒತ್ತಾಯ ಮಾಡಿ ಹತ್ತಿಸಬೇಡಿ, ಅವರು ಸಂಸೆಯ ಚಹಾ ತೋಟ ನೋಡಿಕೊಂಡಿರಲಿ. ಕುರುಕಲು ತಿಂಡಿಯ ಪೊಟ್ಟಣ, ಬಾಟಲಿ ಒಂದೂ ಮೇಲೆ ಉಳಿಯಕೂಡದು. ಅದಕ್ಕೆ ಒಬ್ಬರನ್ನು ಹೊಣೆ ಮಾಡಿ.

ಗುಂಪು ದೊಡ್ಡದಿದ್ದರೆ ಎರಡು ಪಾಲಾಗಿ, ಶನಿವಾರ, ಭಾನುವಾರ ಬಿಟ್ಟು ಹೊರಡಿ. ಟಿಕೆಟ್ಟೂ ಸುಲಭವಾಗಿ ಸಿಗುತ್ತದೆ.